ಮೊದಲು ನೀರು, ಆಮೇಲೆ ಎಣ್ಣೆ

ಬಂದೂಕಿನ ನಳಿಗೆಯೊಳಗಿನ ತಾಮ್ರದ ಕೊಳೆ ತೆಗೆಯುವ ಅಮೋನಿಯಾ ದ್ರಾವಕಗಳನ್ನು ಈ ವಾರ ಒಂದೊಂದಾಗಿ ತೂಗಿ ನೋಡೋಣ ಎಂದು ಹೇಳಿದ್ದೆ. ಅದು ಕಾಯಲಿ. ಮಿರಗದ ಮಳೆ ಬಿದ್ದಿದೆ, ಕಾಖಂಡಕಿಯ ಕಾರಹುಣ್ಣಿಮೆಯ ಹೋರಿ ಓಟ ಮುಗಿದಿದೆ, ತಿಕೋಟಾ-ಬಬಲೇಶ್ವರದ ಎರೆಹೊಲಗಳಿಗೆ ಹಸಿ ಇಳಿದಿದೆ. ಬೆಳೆ ರಕ್ಷಣೆಯ ಲೈಸೆನ್ಸಿನ ಬಂದೂಕುಗಳಿಗೆ ವರ್ಷದ ಕೆಟ್ಟ ಕಾಲ ಶುರುವಾಗುವುದೇ ಈಗ. ಬೇಸಿಗೆಯಲ್ಲಿ ಹೊಡೆದು, ಸೀಮೆಎಣ್ಣೆಯ ಚಿಂದಿ ಎಳೆದು ಕಪಾಟಿನಲ್ಲಿಟ್ಟ ನಳಿಗೆ ತಿಂಗಳುಗಟ್ಟಲೆ ಹೊಳೆಯುತ್ತಲೇ ಇದ್ದು, ಆಷಾಢದಲ್ಲಿ ಒಮ್ಮೆಲೇ ಕಂದು ಚುಕ್ಕೆ ತೋರಿಸುತ್ತದೆ. ಆಗ ಜನ ಮಳೆಯನ್ನು ಬೈಯುತ್ತಾರೆ, ಇಲ್ಲವೇ ಎಣ್ಣೆಯ ಬಾಟಲಿ ಬದಲಿಸುತ್ತಾರೆ. ನೀರು ಹಾಕಬೇಕಾದಲ್ಲಿ ಎಣ್ಣೆ ಹಾಕಿದ್ದರಿಂದ ಆದ ಹಾನಿ ಅದು ಎಂದು ಯಾರೂ ಹೇಳುವುದಿಲ್ಲ.

ದ್ರಾವಕ ಆರಿಸುವ ಮೊದಲು ನಳಿಗೆಯಲ್ಲಿ ಏನು ಉಳಿದಿದೆ ಎಂದು ಕೇಳಬೇಕು. ಹಳೆಯ ಬಗೆಯ ತೋಟಾಗಳ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒಸರುವಂತೆ ಇದೂ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಗಾಳಿಯ ಆರ್ದ್ರತೆ ಶೇ 84ರ ಸುತ್ತ ಮುಟ್ಟಿದರೆ ತಾನೇ ಕರಗಿ ಉಪ್ಪುನೀರಾಗುತ್ತದೆ. ವಿಜಯಪುರದ ಏಪ್ರಿಲ್-ಮೇ ತಿಂಗಳ ಒಣಗಾಳಿಯಲ್ಲಿ ಅದು ಸುಮ್ಮನೆ ಕುಳಿತಿರುತ್ತದೆ; ಸೀಮೆಎಣ್ಣೆ ಕೆಲಸ ಮಾಡಿತೆಂಬ ಭ್ರಮೆ ಹುಟ್ಟುವುದು ಇಲ್ಲೇ. ಸೀಮೆಎಣ್ಣೆ ಮಸಿಯನ್ನು ಸಡಿಲಿಸುತ್ತದೆ, ಹಳೆಯ ಎಣ್ಣೆಯ ಜಿಡ್ಡನ್ನು ಬಿಡಿಸುತ್ತದೆ, ಆದರೆ ಉಪ್ಪನ್ನು ಕರಗಿಸುವುದಿಲ್ಲ. ಪೆಟ್ರೋಲಿಯಂನಿಂದ ಬಂದ ಯಾವ ಎಣ್ಣೆಯೂ ಕರಗಿಸುವುದಿಲ್ಲ. ಕರಗಿಸುವುದು ನೀರು.

ಈ ಮಾತಿಗೆ ನೂರು ವರ್ಷ ದಾಟಿದ ಆಧಾರವಿದೆ. ಅಮೆರಿಕದ ಬ್ಯೂರೋ ಆಫ್ ಮೈನ್ಸ್ 1922ರಲ್ಲಿ ವಿಲ್ಬರ್ಟ್ ಹಫ್ ಅವರ ಪುಟ್ಟ ವರದಿಯೊಂದನ್ನು ಪ್ರಕಟಿಸಿತು. ಎಣ್ಣೆಯ ಪದರದ ಕೆಳಗೇ ತುಕ್ಕು ಹೇಗೆ ಹುಟ್ಟುತ್ತದೆ ಎಂಬುದು ಅದರ ವಿಷಯ. ಈ ಕುರಿತು ಬಂದ ಬರಹಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಇದನ್ನೇ. ಅಲ್ಲಿಯವರೆಗೆ ತುಕ್ಕಿನ ಅಪವಾದವೆಲ್ಲ ಹೊಗೆರಹಿತ ಮದ್ದಿನ ಮೇಲಿತ್ತು. ಮದ್ದು ಉರಿದು ಆಮ್ಲ ಬಿಡುತ್ತದೆ, ಆಮ್ಲವನ್ನು ಕೊಲ್ಲುವ ದ್ರಾವಕ ಬೇಕು ಎಂದು ನಂಬಿಸಿ ಬಾಟಲಿಗಳನ್ನು ಮಾರಲಾಗುತ್ತಿತ್ತು. ಹಫ್ ತೋರಿಸಿಕೊಟ್ಟದ್ದು ಬೇರೆ: ಅಪರಾಧಿ ಮದ್ದಲ್ಲ, ಕ್ಯಾಪಿನ ಉಪ್ಪು, ಅದು ಉಳಿದಿದ್ದರೆ ಮೇಲೆ ಎಷ್ಟು ಎಣ್ಣೆ ಸವರಿದರೂ ತೇವದಲ್ಲಿ ತುಕ್ಕು ತಪ್ಪದು, ಒಣಗಾಳಿಯಲ್ಲಿಟ್ಟರೆ ಅದೇ ನಳಿಗೆ ಕೆಡುವುದಿಲ್ಲ, ನೀರಿನಲ್ಲಿ ತೊಳೆದರೆ ರೋಗದ ಬೇರೇ ಹೋಗುತ್ತದೆ. ನಮ್ಮ ಬೇಸಿಗೆ ಮತ್ತು ಆಷಾಢದ ನಡುವಿನ ವ್ಯತ್ಯಾಸಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಸಿಗದು.

ಕೇಪಿನ ಬಂದೂಕಿನವರಿಗೆ, ಅಂದರೆ ಕರಿಮದ್ದು ತುಂಬುವವರಿಗೆ, ಈ ವಾದ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಆ ಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಕಿಟ್ಟವಾಗಿ ಉಳಿಯುತ್ತದೆ. ಆ ಕಿಟ್ಟದ ಬಹುಪಾಲು ನೀರಿನಲ್ಲಿ ಕರಗುವ ಲವಣ. ತೋಪಿನ ಕಾಲದ ಗೋಲಂದಾಜರು ಹೊಡೆತ ಹೊಡೆತದ ನಡುವೆ ಒದ್ದೆ ಕುಂಚವನ್ನು ನಳಿಗೆಗೆ ನೂಕುತ್ತಿದ್ದರು. ಒಳಗುಳಿದ ಕಿಡಿ ಆರಬೇಕು, ಕಿಟ್ಟವೂ ಕರಗಬೇಕು. 1857ರ ಎನ್‌ಫೀಲ್ಡ್ ತೋಟಾದ ಕೊಬ್ಬು-ಮೇಣದ ಲೇಪಕ್ಕೂ ಒಂದು ಕೆಲಸ ಇದೇ ಆಗಿತ್ತು: ಗುಂಡು ಸಲೀಸಾಗಿ ಇಳಿಯಬೇಕು, ಕಿಟ್ಟ ಗಟ್ಟಿಯಾಗದೆ ಮೆತ್ತಗಿರಬೇಕು. ತೋಟಾಕ್ಕೆ ಯಾವ ಜಿಡ್ಡು ಎಂಬ ಪ್ರಶ್ನೆ ಒಂದು ಸೈನ್ಯವನ್ನೇ ದಂಗೆಗೆಬ್ಬಿಸಿತು. ಅದೇ ವರ್ಷದ ನವೆಂಬರಿನಲ್ಲಿ ಕೃಷ್ಣೆಯಾಚೆ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತರು, ನೇಣಿಗೂ ಹೋದರು. ಈ ಭಾಗದಲ್ಲಿ ಆಯುಧವೆಂದರೆ ಮಾನದ ಮಾತು. ಅದನ್ನು ಜತನ ಮಾಡುವ ವಿದ್ಯೆಯನ್ನು ಅರೆಬರೆ ಕಲಿಯಬಾರದು ಎಂಬ ನನ್ನ ಹಟಕ್ಕೆ ಅದೂ ಕಾರಣ.

ಕಬ್ಬಿಣಕ್ಕೆ ನೀರು ಹಾಕಿದರೆ ತುಕ್ಕು ಬಾರದೇ ಎಂದು ಕೇಳುವವರಿದ್ದಾರೆ. ಅವರು ನೋಡಬೇಕಾದ್ದು ಇಲ್ಲೇ ಇದೆ: ವಿಜಯಪುರ ನಗರದ ಉಪ್ಪಲಿ ಬುರ್ಜಿನ ಮೇಲೆ ಮೂವತ್ತು ಅಡಿ ಮೀರಿದ ಉದ್ದನೆಯ ತೋಪಿದೆ. ಕಬ್ಬಿಣದ ಪಟ್ಟಿಗಳನ್ನು ಬಳೆ ಹಾಕಿ ಬಿಗಿದು ಮಾಡಿದ್ದು. 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪಿನ ಮಾತು ಬಿಡಿ, ಅದು ಕಂಚು, ತುಕ್ಕು ಹಿಡಿಯದು. ಆದರೆ ಈ ಕಬ್ಬಿಣದ ತೋಪು ಶತಮಾನಗಳ ಮಳೆಯಲ್ಲಿ ತೊಯ್ದು ಬಿಸಿಲಲ್ಲಿ ಒಣಗುತ್ತ ನಿಂತಿದೆ. ಅದರ ಲೋಹ ದಪ್ಪ, ಮೇಲೆ ತುಕ್ಕು ಹಿಡಿದರೂ ತಡೆದೀತು. ರೈಫಲ್ಲಿನ ಗೆರೆ ಕೂದಲೆಳೆಯಷ್ಟು ಆಳ, ಅದು ತಡೆಯದು ಎನ್ನಬಹುದು. ಈ ಆಕ್ಷೇಪ ನ್ಯಾಯವಾದದ್ದೇ. ಆದರೂ ಬಿದ್ದು ಹರಿದು ಒಣಗಿಹೋಗುವ ನೀರು ಒಂದು, ಉಪ್ಪು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಬಿಡದ ತೇವ ಇನ್ನೊಂದು. ನಳಿಗೆ ಕೊರೆಯುವುದು ಎರಡನೆಯದು. .303 ರೈಫಲ್ಲಿನ ಕಾಲದ ಬ್ರಿಟಿಷ್ ಸೈನ್ಯದಲ್ಲಿ ಗುಂಡು ಹಾರಿಸಿದ ಮೇಲೆ ಆಲಿಕೆಯಿಟ್ಟು ಕುದಿನೀರು ಸುರಿಯುವುದೇ ಪದ್ಧತಿಯಾಗಿತ್ತು. ಕುದಿನೀರೇ ಏಕೆ ಎಂದರೆ, ಉಪ್ಪು ಬೇಗ ಕರಗುತ್ತದೆ, ಬಿಸಿಯಾದ ಉಕ್ಕು ತಾನೇ ಒಣಗುತ್ತದೆ. ಆಮೇಲೆ ಒಣ ಚಿಂದಿ, ಕೊನೆಗೆ ತೆಳುವಾದ ಎಣ್ಣೆ. ಈ ಕ್ರಮ ತಿರುವುಮುರುವಾದರೆ ಎಣ್ಣೆ ಉಪ್ಪಿಗೇ ಹೊದಿಕೆಯಾಗುತ್ತದೆ.

ಎಲ್ಲ ಬಂದೂಕಿಗೂ ನೀರು ಬೇಕಿಲ್ಲ, ಅದನ್ನೂ ಹೇಳಬೇಕು. 1920ರ ದಶಕದಲ್ಲಿ ಜರ್ಮನಿಯಿಂದ ಹೊರಟ ಸೀಸದ ಸ್ಟಿಫ್ನೇಟ್ ಕ್ಯಾಪುಗಳಲ್ಲಿ ಈ ಉಪ್ಪಿಲ್ಲ. ಎನ್‌ಸಿಸಿ ಹುಡುಗರ ಕೈಗೆ ಬರುವ .22ರಲ್ಲಿ ಹೊಸ ಬಗೆಯ ತೋಟಾ ಹೊಡೆದರೆ ಉಳಿಯುವುದು ಮೇಣ, ಸೀಸ, ಒಂದಿಷ್ಟು ಮಸಿ. ಒಂದೆರಡು ಚಿಂದಿ ಎಳೆದರೆ ಸಾಕು. ಹನ್ನೆರಡು ಬೋರಿನಲ್ಲಿ ಸೀಸ ಮತ್ತು ಪ್ಲಾಸ್ಟಿಕ್ ಮೆತ್ತಿಕೊಳ್ಳುತ್ತವೆ, ಅದಕ್ಕೆ ಕಂಚಿನ ಬ್ರಷ್ಷೇ ಮದ್ದು. ತೋಟಾ ಹಳೆಯದೋ, ಹೊಸದೋ ಗೊತ್ತಿಲ್ಲದಿದ್ದರೆ ಮಾತ್ರ ಉಪ್ಪಿದೆ ಎಂದೇ ಹಿಡಿದು ತೊಳೆಯಿರಿ. ತೊಳೆಯಲು ಒಂದು ಚೊಂಬು ಬಿಸಿನೀರು ಸಾಕು, ಕೊರೆದುಹೋದ ನಳಿಗೆಯನ್ನು ಮಾತ್ರ ಯಾವ ಹಣವೂ ಸರಿಮಾಡಲಾರದು. ಎಲ್ಲಕ್ಕೂ ಒಂದೇ ಬಾಟಲಿ ಎಂಬ ಪಂಥದವರೊಡನೆ ನನ್ನ ಹಳೆಯ ಜಗಳ ಇರುವುದು ಇಲ್ಲೇ. ಮಸಿ, ಉಪ್ಪು, ತಾಮ್ರ, ಸೀಸ ನಾಲ್ಕೂ ಬೇರೆ ಬೇರೆ ವಸ್ತುಗಳು. ಒಂದೇ ದ್ರವ ನಾಲ್ಕನ್ನೂ ಚೆನ್ನಾಗಿ ತೆಗೆಯುತ್ತದೆ ಎನ್ನುವುದು ರಸಾಯನಶಾಸ್ತ್ರಕ್ಕೆ ಒಪ್ಪುವ ಮಾತಲ್ಲ.

ಕೊನೆಯ ಎಣ್ಣೆಯ ವಿಷಯದಲ್ಲೂ ಕೊಡಗು-ಮಲೆನಾಡಿನ ರೂಢಿಯನ್ನು ಇಲ್ಲಿಗೆ ತರಬಾರದು. ಕೈಲ್‌ಪೊಳ್ದ್‌ಗೆ ಕೋವಿ ಪೂಜಿಸುವ ನಾಡಿನಲ್ಲಿ ಧಾರಾಕಾರ ಮಳೆ, ಅಲ್ಲಿ ದಪ್ಪ ಎಣ್ಣೆ ಸರಿ. ನಮ್ಮಲ್ಲಿ ವರ್ಷದ ಹೆಚ್ಚಿನ ತಿಂಗಳು ಧೂಳು. ದಪ್ಪ ಎಣ್ಣೆಗೆ ಧೂಳು ಅಂಟಿದರೆ ಸಾಣೆ ಹಿಡಿಯುವ ಲೇಪವೇ ಆದೀತು. ಮನೆಯ ಕುಸುಬಿ ಎಣ್ಣೆ ಇನ್ನೂ ಅಪಾಯ. ಅದು ಗಾಳಿಗೆ ಒಣಗಿ ಪದರಗಟ್ಟುವ ಜಾತಿಯದು, ಬಣ್ಣ-ವಾರ್ನಿಶ್ಶಿಗೆ ಬಳಸುವುದೂ ಆ ಗುಣಕ್ಕೇ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುತ್ತ ಹೆಪ್ಪುಗಟ್ಟುತ್ತದೆ, ಮಾರ್ಗಶಿರದ ರಾತ್ರಿಗಳಲ್ಲಿ ಬೋಲ್ಟ್ ಹಿಡಿದುಕೊಳ್ಳುತ್ತದೆ. ತೆಳುವಾದ ಖನಿಜ ಎಣ್ಣೆಯನ್ನು ಚಿಂದಿಗೆ ಹನಿಸಿ ಒಮ್ಮೆ ಎಳೆದರೆ ಮುಗಿಯಿತು. ಮತ್ತೆ ಹೊಡೆಯುವ ಮುನ್ನ ಅದನ್ನೂ ಒರೆಸಿ ತೆಗೆಯಬೇಕು.

ಅತಿಯಾಗಿ ಉಜ್ಜಿದರೂ ನಳಿಗೆ ಕೆಡುತ್ತದೆ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಾಯಿಯ ಕಡೆಯಿಂದ ಸಲಾಕೆ ತುರುಕಿ ಅಂಚು ಸವೆಸಿದ, ಪುಲ್ ಥ್ರೂ ಹಗ್ಗವನ್ನು ಓರೆಯಾಗಿ ಎಳೆದೆಳೆದು ಗೀರು ಮೂಡಿಸಿದ ಹಳೆಯ ರೈಫಲ್ಲುಗಳಿಗೆ ಲೆಕ್ಕವಿಲ್ಲ. ನೀರಿನ ಪಕ್ಷ ವಹಿಸಲು ಅದೂ ಒಂದು ಕಾರಣ, ಏಕೆಂದರೆ ಅದು ಉಜ್ಜದೆಯೇ ಕೆಲಸ ಮಾಡುತ್ತದೆ. ತೋಟಾ ಇಲ್ಲವೆಂದು ನೋಡಿ, ಬೋಲ್ಟ್ ತೆಗೆದು, ತೋಟಾ ಕೂರುವ ಕಡೆಯಿಂದ ಸುರಿಯಿರಿ. ಜೋಡುನಳಿಗೆಯಾದರೆ ನಳಿಗೆಗಳನ್ನು ಮರದ ಹಿಡಿಯಿಂದ ಬಿಚ್ಚಿಕೊಳ್ಳಿ, ಮರಕ್ಕೆ ನೀರು ತಾಗದಿರಲಿ. ಎಣ್ಣೆ ಹಚ್ಚಿಟ್ಟ ಮೂರನೆಯ ದಿನ ಬಿಳಿಯ ಚಿಂದಿಯೊಂದನ್ನು ಎಳೆದು ನೋಡಿ. ಕಂದು ಬಣ್ಣ ಬಂದರೆ ಉಪ್ಪು ಉಳಿದಿದೆ ಎಂದರ್ಥ. ಇನ್ನಷ್ಟು ಎಣ್ಣೆ ಹಾಕದೆ ಮತ್ತೆ ನೀರು ಕಾಯಿಸಿ.