ಕೊಯ್ದಷ್ಟೂ ಕೊಡುವ ದಾಸವಾಳ

ದಾಸವಾಳವನ್ನು ನೋಡುವುದಕ್ಕಷ್ಟೇ ಬೆಳೆಸಬೇಡಿ, ಬಳಸುವುದಕ್ಕೆ ಬೆಳೆಸಿ. ದಿನವೂ ಕೈಯಾಡಿಸುವ ಮನೆಯಲ್ಲೇ ಈ ಗಿಡ ಮೈತುಂಬ ಹೂ ಬಿಡುತ್ತದೆ. ಮಳೆ ಹಿಡಿದು ಮಣ್ಣು ಹದವಾಗಿರುವ ಈ ವಾರ ಓದುಗರಿಗೆ ಹೇಳಬೇಕೆನಿಸಿದ್ದು ಇದನ್ನೇ.

ಕಾರಣ ಗಿಡದ ಸ್ವಭಾವದಲ್ಲೇ ಇದೆ. ದಾಸವಾಳ ಮೊಗ್ಗು ಕಟ್ಟುವುದು ಹೊಸ ಚಿಗುರಿನಲ್ಲಿ. ಬಲಿತ ಕೊಂಬೆಯನ್ನು ಅದರ ಪಾಡಿಗೆ ಬಿಟ್ಟರೆ ಅದು ಉದ್ದಕ್ಕೆ ಬೆಳೆದು, ಕೈಗೆಟುಕದ ತುದಿಯಲ್ಲಿ ಒಂದೋ ಎರಡೋ ಹೂ ಕೊಡುತ್ತದೆ. ಅದೇ ತುದಿಯನ್ನು ಚಿವುಟಿದರೆ ಕೆಳಗಿನ ಗಿಣ್ಣುಗಳಲ್ಲಿ ಎರಡು ಮೂರು ಕವಲೊಡೆಯುತ್ತವೆ, ಕವಲು ಕವಲಿನಲ್ಲೂ ಮೊಗ್ಗು ಮೂಡುತ್ತದೆ. ಮಲೆನಾಡು, ಕರಾವಳಿಯ ಹಳೆಯ ಮನೆಗಳ ಬೇಲಿಸಾಲು ವರ್ಷವಿಡೀ ಕೆಂಪಾಗಿರುತ್ತಿದ್ದುದು ಹೀಗೆಯೇ. ತಲೆಸ್ನಾನಕ್ಕೆ ಸೊಪ್ಪು, ದೋಸೆಗೆ ಎಲೆ, ಗಣಪತಿಗೆ ಹೂವು ಎಂದು ಯಾರಾದರೊಬ್ಬರು ಮುರಿಯುತ್ತಲೇ ಇರುತ್ತಿದ್ದರು. ಅದಕ್ಕೆ ಬೇರೆ ಸವರುವ ಕೆಲಸವೇ ಇರಲಿಲ್ಲ.

ನರ್ಸರಿಗೆ ಹೋದರೆ ಅಂಗೈಗಿಂತ ಅಗಲದ, ಎರಡು ಮೂರು ಬಣ್ಣ ಬೆರೆತ ಹೈಬ್ರಿಡ್ ಹೂಗಳು ಕಣ್ಣು ಸೆಳೆಯುತ್ತವೆ. ಹವಾಯಿ, ಫ್ಲಾರಿಡಾಗಳ ತಳಿಗಾರರು ಇವುಗಳಿಗಾಗಿ ತುಂಬ ದುಡಿದಿದ್ದಾರೆ. ಕೆಲವು ಹೂಗಳು ಎರಡು ಮೂರು ದಿನ ಬಾಡದೆ ನಿಲ್ಲುತ್ತವೆ. ಆದರೆ ಹಲವು ತಳಿಗಳ ಬೇರು ನಾಜೂಕು. ಗಟ್ಟಿ ಗಿಡದ ಬುಡಕ್ಕೆ ಕಸಿ ಕಟ್ಟಿದರಷ್ಟೇ ಬಾಳುತ್ತವೆ, ಕುಂಡದಲ್ಲಿ ನೀರು ನಿಂತರೆ ಕೊಳೆಯುತ್ತವೆ. ಮೊದಲ ಗಿಡ ತರುವವರು ಐದೆಸಳಿನ ಕೆಂಪು ದಾಸವಾಳವನ್ನೇ ತರಲಿ. ಮಲೇಷ್ಯಾ 1960ರಲ್ಲಿ ತನ್ನ ರಾಷ್ಟ್ರೀಯ ಹೂವೆಂದು ಆರಿಸಿಕೊಂಡದ್ದೂ ಇದನ್ನೇ.

ಈ ಹೂವಿನ ಬಾಳು ಒಂದು ದಿನದ್ದು. ಸಂಜೆ ನೋಡಿದರೆ ಎಸಳುಗಳು ಒಂದರ ಮೇಲೊಂದು ಸುರುಳಿ ಸುತ್ತಿಕೊಂಡ ಚೂಪು ಮೊಗ್ಗು. ಬೆಳಿಗ್ಗೆ ಆ ಸುರುಳಿ ಬಿಚ್ಚಿ, ನಡುವಿನಿಂದ ಉದ್ದನೆಯ ದಂಡು ಹೊರಚಾಚಿರುತ್ತದೆ. ದಂಡಿನ ಮೈತುಂಬ ಹಳದಿ ಪರಾಗ, ತುದಿಯಲ್ಲಿ ಐದು ಪುಟ್ಟ ಮಖಮಲ್ಲಿನ ಗುಂಡುಗಳು. ಕೊಯ್ದು ತಟ್ಟೆಯಲ್ಲಿಟ್ಟರೆ ನೀರಿಲ್ಲದೆಯೂ ಸಂಜೆಯವರೆಗೆ ಅರಳಿಯೇ ಇರುತ್ತದೆ. ದೇವರ ಮನೆಗೆ ಇಷ್ಟು ಒಗ್ಗಿದ ಬೇರೆ ಹೂವು ಕಡಿಮೆ.

ಗಿಡ ಮಾಡಿಕೊಳ್ಳುವುದು ಸುಲಭ. ಪೆನ್ಸಿಲ್ ಗಾತ್ರದ, ತೀರ ಎಳೆಯದೂ ಅಲ್ಲದ ತೀರ ಬಲಿತದ್ದೂ ಅಲ್ಲದ ಅರ್ಧ ಅಡಿ ಕಡ್ಡಿ ಸಾಕು. ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಎರಡು ಎಲೆ ಬಿಟ್ಟು ಉಳಿದವನ್ನು ತೆಗೆಯಿರಿ. ಕೆಂಪು ಮಣ್ಣಿಗೆ ಮರಳು ಬೆರೆಸಿ ಊರಿ, ನೆರಳಿನಲ್ಲಿಡಿ. ತಿಂಗಳು, ಒಂದೂವರೆ ತಿಂಗಳಲ್ಲಿ ಬೇರು ಹಿಡಿದು ಹೊಸ ಚಿಗುರು ಬರುತ್ತದೆ. ಆಮೇಲೆ ನೆಲಕ್ಕೆ ಇಳಿಸುವಾಗ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ನೋಡಿ. ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಹೊಂಗೆ ಹಿಂಡಿ ಕೊಟ್ಟರೆ ಸಾಕು.

ಇದರ ದೊಡ್ಡ ಶತ್ರು ಹಿಟ್ಟು ತಿಗಣೆ. ಚಿಗುರು ಮುರುಟಿ, ಎಲೆಯ ಬುಡದಲ್ಲಿ ಬಿಳಿ ಹಿಟ್ಟು ಮೆತ್ತಿಕೊಂಡಂತೆ ಕಾಣುತ್ತದೆ. ಅದಕ್ಕೂ ಮುಂಚೆ ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ಎಚ್ಚರವಾಗಿ. ತಿಗಣೆ ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಅವನ್ನು ಕಾಯುತ್ತವೆ. ಮುರುಟಿದ ತುದಿಗಳನ್ನು ಕತ್ತರಿಸಿ ಸುಟ್ಟುಬಿಡಿ, ರಭಸದ ನೀರಿನಿಂದ ಗಿಡ ತೊಳೆಯಿರಿ, ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಿಂಪಡಿಸಿ. ಎಲೆ ಹೂಗಳನ್ನು ಅಡುಗೆಗೆ ಬಳಸುವವರು ರಾಸಾಯನಿಕ ಕೀಟನಾಶಕದ ಹತ್ತಿರ ಹೋಗಲೇಬಾರದು. ನರ್ಸರಿಯಿಂದ ತಂದ ಗಿಡದ ಹಳೆಯ ಎಲೆಗಳನ್ನೂ ತಿನ್ನಬಾರದು, ಮನೆಯಲ್ಲಿ ಹೊಸದಾಗಿ ಚಿಗುರಿದ ಮೇಲೆ ಬಳಸಿ.

ಇನ್ನು ಅಡುಗೆ. ನೆನೆಸಿದ ಅಕ್ಕಿಗೆ ಚಿಟಿಕೆ ಮೆಂತ್ಯ, ಒಂದು ಹಿಡಿ ಎಲೆ ಸೇರಿಸಿ ರುಬ್ಬಿದರೆ ಉದ್ದಿಲ್ಲದೆಯೇ ಮೆತ್ತನೆಯ ದೋಸೆ ಆಗುತ್ತದೆ. ಉದ್ದು ಮಾಡುವ ಕೆಲಸವನ್ನು ಎಲೆಯ ಲೋಳೆ ಮಾಡುತ್ತದೆ. ತಂಬುಳಿಗೆ ಹೂವಿನ ತೊಟ್ಟು, ದಂಡು ತೆಗೆದು ಎಸಳನ್ನಷ್ಟೇ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಬೇಕು. ಕುದಿಸಬಾರದು. ಶರಬತ್ತು ಮಾಡುವುದಾದರೆ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿಡಿ. ಮಂಕಾದ ನೇರಳೆ ನೀರಿಗೆ ನಿಂಬೆಹಣ್ಣು ಹಿಂಡಿದೊಡನೆ ಅದು ಹೊಳೆಯುವ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಶಾಲೆಯ ಪ್ರಯೋಗದಲ್ಲಿ ಆಮ್ಲ, ಪ್ರತ್ಯಾಮ್ಲಗಳನ್ನು ಗುರುತಿಸಲು ದಾಸವಾಳದ ನೀರು ಬಳಸುವುದೂ ಈ ಗುಣಕ್ಕಾಗಿಯೇ. ಗರ್ಭಿಣಿಯರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಸೇವಿಸುವುದು ಬೇಡ.

ತಲೆಗೆ ಹಚ್ಚಲು ಎಲೆಗಳನ್ನು ತಣ್ಣೀರಿನಲ್ಲಿ ಕಿವುಚಿ, ದಪ್ಪ ಹಸಿರು ಲೋಳೆ ಬಂದಾಗ ಸೋಸಿಕೊಳ್ಳಿ. ಎಣ್ಣೆ ಹಚ್ಚಿದ ಕೂದಲನ್ನು ಅದು ಒರಟಾಗಿಸದೆ ತೊಳೆಯುತ್ತದೆ.

ಇಷ್ಟೆಲ್ಲ ಕೊಡುವ ಗಿಡಕ್ಕೆ ದುಡ್ಡು ಖರ್ಚು ಮಾಡಬೇಕಾಗಿಯೂ ಇಲ್ಲ. ನೆರೆಮನೆಯವರನ್ನು ಒಂದು ಕಡ್ಡಿ ಕೇಳಿ, ಈ ವಾರವೇ ನೆಡಿ. ಅದು ಗಿಡವಾದ ಮೇಲೆ ಕೇಳಿಕೊಂಡು ಬಂದವರಿಗೆ ನೀವೂ ಮುರಿದು ಕೊಡಿ, ಗಿಡಕ್ಕೂ ಅದರಿಂದ ಒಳ್ಳೆಯದೇ.