ಹಳೆಯ ಕೊರಳು, ಹೊಸ ತಾಳ

ಕಳೆದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ಸಿದ್ಧತೆ ನಡೆಯುತ್ತಿದ್ದಾಗ ಏಳನೆಯ ತರಗತಿಯ ಮಕ್ಕಳು ತಮ್ಮ ನೃತ್ಯಕ್ಕೆಂದು ಒಂದು ಹಿಂದಿ ಹಾಡನ್ನು ಆರಿಸಿಕೊಂಡು ಬಂದರು. ಅದು 2012ರಲ್ಲಿ ತೆರೆಕಂಡ ‘ಸ್ಟೂಡೆಂಟ್ ಆಫ್ ದಿ ಇಯರ್’ ಎಂಬ ಚಿತ್ರದ ‘ದಿ ಡಿಸ್ಕೊ ಸಾಂಗ್’. ಅಧ್ಯಾಪಕರಾದವರ ರೂಢಿಯಂತೆ ನಾನು ಮೊದಲು ಹುಬ್ಬು ಗಂಟಿಕ್ಕಿದೆ, ಅನಂತರ, “ಇದನ್ನು ಹಾಡಿದವರು ಯಾರು?” ಎಂದು ಕೇಳಿದೆ. “ಆಲಿಯಾ ಭಟ್, ಮಾಸ್ಟ್ರೇ” ಎಂದು ಎಲ್ಲರೂ ಒಂದೇ ಕೊರಳಿನಲ್ಲಿ ಹೇಳಿದರು. ತೆರೆಯ ಮೇಲೆ ತುಟಿಯಾಡಿಸಿದವರೇ ಹಾಡಿದವರೆಂದು ಅವರು ತಿಳಿದಿದ್ದರು. ಮಕ್ಕಳ ತಪ್ಪನ್ನು ತಿದ್ದಲು ಹೊರಟ ನನಗೂ ಸರಿಯುತ್ತರ ಗೊತ್ತಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಅಜ್ಞಾನದಿಂದ ಹುಟ್ಟಿದ ವಿಚಾರಣೆಯ ಫಲವೇ ಈ ಲೇಖನ.

ಆ ಹಾಡಿನ ನಡುನಡುವೆ ಪಲ್ಲವಿಯಾಗಿ ಕೇಳಿಬರುವ ಒಂದು ಎಳೆಯ ಕೊರಳಿದೆ. ಉಳಿದ ಗಾಯಕರಾದ ಬೆನ್ನಿ ದಯಾಳ್ ಮತ್ತು ಸುನಿಧಿ ಚೌಹಾಣ್ ಅವರ ದನಿಗಳ ನಡುವೆ ಅದು ಬೇರೆಯೇ ಒಂದು ಕಾಲದಿಂದ ಬಂದಂತೆ ಕೇಳುತ್ತದೆ. ನಿಜಕ್ಕೂ ಅದು ಬೇರೆ ಕಾಲದ್ದೇ. ಅದು ನಾಝಿಯಾ ಹಸನ್ ಎಂಬ ಗಾಯಕಿಯದು. 1981ರ ‘ಡಿಸ್ಕೊ ದೀವಾನೆ’ ಎಂಬ ಧ್ವನಿಮುದ್ರಿಕೆಯಿಂದ ಎತ್ತಿಕೊಂಡದ್ದು. ನಮ್ಮ ಮಕ್ಕಳು ಆ ಕೊರಳಿಗೆ ಹೆಜ್ಜೆ ಹಾಕುವ ವೇಳೆಗೆ ಹಾಡಿದಾಕೆ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಗಿತ್ತು.

ಹಳೆಯ ಹಾಡನ್ನು ಹೊಸತಾಗಿ ಕಟ್ಟುವ ಈ ಕೆಲಸಕ್ಕೆ ‘ರೀಮಿಕ್ಸ್’ ಎಂಬ ಹೆಸರಿದೆ. ಇದನ್ನು ಕಳ್ಳತನವೆಂದು ತಳ್ಳಿಹಾಕುವವರೂ ಇದ್ದಾರೆ, ಕಾಲಧರ್ಮವೆಂದು ತಲೆದೂಗುವವರೂ ಇದ್ದಾರೆ. ಎರಡೂ ಅವಸರದ ಮಾತುಗಳೆಂದು ನನ್ನ ಎಣಿಕೆ. ಒಂದು ಕಲೆಯನ್ನು ವಿಮರ್ಶಿಸುವ ಮುನ್ನ ಅದು ಎಲ್ಲಿ, ಯಾವ ಅಗತ್ಯದಿಂದ ಹುಟ್ಟಿತೆಂಬುದನ್ನು ಅರಿಯುವುದು ಉಚಿತ.

ಡಿಸ್ಕೊ ಸಂಗೀತವು ಅಮೆರಿಕದ ನೃತ್ಯಶಾಲೆಗಳಲ್ಲಿ, ಮುಖ್ಯವಾಗಿ ನ್ಯೂಯಾರ್ಕ್ ನಗರದಲ್ಲಿ, 1970ರ ದಶಕದಲ್ಲಿ ಬೆಳೆಯಿತು. ರೇಡಿಯೊಗಾಗಿ ಮಾಡಿದ ಹಾಡು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿಯುತ್ತಿತ್ತು. ಕುಣಿಯುವವರ ಕಾಲುಗಳಿಗಾದರೋ ಅದು ಸಾಲದು. ಆದುದರಿಂದ ಟಾಮ್ ಮೌಲ್ಟನ್, ವಾಲ್ಟರ್ ಗಿಬ್ಬನ್ಸ್ ಮುಂತಾದವರು ಮೂಲ ಧ್ವನಿಸುರುಳಿಯನ್ನೇ ಹಿಡಿದು, ತಾಳವಾದ್ಯದ ಭಾಗಗಳನ್ನು ಹಿಗ್ಗಿಸಿ, ಹಾಡನ್ನು ಉದ್ದ ಮಾಡಿದರು. ಗಿಬ್ಬನ್ಸ್ ಹೀಗೆ ಬೆಳೆಸಿದ ‘ಟೆನ್ ಪರ್ಸೆಂಟ್’ ಎಂಬ ಹಾಡು 1976ರಲ್ಲಿ ಹನ್ನೆರಡು ಅಂಗುಲದ ತಟ್ಟೆಯಾಗಿ ಮಾರಾಟಕ್ಕೆ ಬಂದಾಗ ಒಂಬತ್ತು ನಿಮಿಷಗಳನ್ನೂ ಮೀರಿತ್ತು. ದೊಡ್ಡ ತಟ್ಟೆಯಲ್ಲಿ ಗೆರೆಗಳು ಅಗಲವಾಗಿರುವುದರಿಂದ ದನಿಗೂ ಹೆಚ್ಚು ಗಟ್ಟಿತನ ದೊರೆಯಿತು. ಹೀಗೆ ರೀಮಿಕ್ಸ್ ಎಂಬುದು ಹುಟ್ಟಿನಲ್ಲಿ ಮೂಲವನ್ನು ಅಳಿಸುವ ಕೆಲಸವಾಗಿರಲಿಲ್ಲ, ಹಿಗ್ಗಿಸುವ ಕೆಲಸವಾಗಿತ್ತು. ನಮ್ಮ ಯಕ್ಷಗಾನದ ಭಾಗವತರು ಒಂದೇ ಪದ್ಯವನ್ನು ಕುಣಿತಕ್ಕೆ ತಕ್ಕಂತೆ ಎತ್ತಿ ಎತ್ತಿ ಹಾಡಿ, ಚೆಂಡೆ ಮದ್ದಳೆಗಳಿಗೆ ಎಡೆಮಾಡಿಕೊಡುವುದನ್ನು ಕಂಡವರಿಗೆ ಇದು ಹೊಸತೆನಿಸಲಾರದು.

1977ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್ ಎಂಬವರು ಡೊನ್ನಾ ಸಮ್ಮರ್ ಅವರಿಂದ ‘ಐ ಫೀಲ್ ಲವ್’ ಎಂಬ ಹಾಡನ್ನು ಹಾಡಿಸಿದರು. ಇದರ ಸ್ವರಗಳೆಲ್ಲ ಮೂಗ್ ಎಂಬ ಸಿಂಥೆಸೈಸರಿನವು. ಅಂದರೆ ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ಯಂತ್ರದವು. ಆದರೆ ಡ್ರಮ್ಮಿನ ಗಟ್ಟಿ ಪೆಟ್ಟು ಆ ಯಂತ್ರದಿಂದ ಬೇಕಾದ ಹಾಗೆ ಬಾರದ ಕಾರಣ, ಕೀತ್ ಫೋರ್ಸಿ ಎಂಬ ವಾದಕರು ಅದನ್ನು ತಾವೇ ಬಾರಿಸಬೇಕಾಯಿತು. ಯಂತ್ರದ ಹಾಡೆಂದು ಹೆಸರಾದ ಕೃತಿಯಲ್ಲಿ ಯಂತ್ರದಷ್ಟೇ ನಿಯತವಾದ ಕೆಲಸವನ್ನು ಮನುಷ್ಯನೊಬ್ಬನು ಮಾಡಿದನೆಂಬುದು ಗಮನಿಸತಕ್ಕ ಸಂಗತಿ. ಸ್ಯಾನ್ ಫ್ರಾನ್ಸಿಸ್ಕೊದ ಪ್ಯಾಟ್ರಿಕ್ ಕೌಲಿ ಇದನ್ನು ಯಾರ ಅಪ್ಪಣೆಯನ್ನೂ ಕೇಳದೆ ಹದಿನೈದು ನಿಮಿಷಗಳನ್ನು ಮೀರುವಷ್ಟು ಬೆಳೆಸಿದರು. ಅದು 1982ರಲ್ಲಿ ಅಧಿಕೃತವಾಗಿಯೇ ಹೊರಬಂದಿತು. ಅಲ್ಲಿ ಕೌಲಿಯವರ ಕೈಚಳಕ ಎಷ್ಟೇ ಇದ್ದರೂ ಡೊನ್ನಾ ಸಮ್ಮರ್ ಅವರ ಕೊರಳು ಮರೆಯಾಗುವುದಿಲ್ಲ. ಅದಕ್ಕೆ ತೇಲಾಡಲು ಇನ್ನಷ್ಟು ಬಯಲು ದೊರೆತಂತಾಗುತ್ತದೆ.

ಈ ಅಲೆ ಭಾರತಕ್ಕೆ ಬಂದ ಬಗೆಯಲ್ಲಿ ಕನ್ನಡ ನಾಡಿಗೆ ಸಂಬಂಧಿಸಿದ ಸಂಗತಿಯೊಂದಿದೆ. ಬಿಡ್ಡು ಎಂದು ಲೋಕಪ್ರಸಿದ್ಧರಾದ ಬಿಡ್ಡು ಅಪ್ಪಯ್ಯನವರು ಬೆಂಗಳೂರಿನಲ್ಲಿ ಹುಟ್ಟಿದ, ಕೊಡಗಿನ ಮನೆತನದವರು. 1960ರ ದಶಕದಲ್ಲಿ ಇಂಗ್ಲೆಂಡಿಗೆ ತೆರಳಿದ ಅವರು 1974ರಲ್ಲಿ ಕಾರ್ಲ್ ಡಗ್ಲಸ್ ಅವರ ‘ಕುಂಗ್ ಫು ಫೈಟಿಂಗ್’ ಹಾಡನ್ನು ನಿರ್ಮಿಸಿದರು. ಅದು ಬ್ರಿಟನ್ ಮತ್ತು ಅಮೆರಿಕಗಳೆರಡರಲ್ಲೂ ಮೊದಲ ಸ್ಥಾನಕ್ಕೇರಿತು. 1980ರ ‘ಕುರ್ಬಾನಿ’ ಚಿತ್ರಕ್ಕೆ ಕಲ್ಯಾಣ್‌ಜೀ ಆನಂದ್‌ಜೀ ಸಂಗೀತ ಕೊಟ್ಟಿದ್ದರೂ, ನಿರ್ದೇಶಕ ಫಿರೋಜ್ ಖಾನ್ ಒಂದು ಹಾಡನ್ನು ಮಾತ್ರ ಬಿಡ್ಡು ಅವರಿಂದ ಮಾಡಿಸಿದರು. ಫಿರೋಜ್ ಖಾನರೂ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಆ ಹಾಡೇ ‘ಆಪ್ ಜೈಸಾ ಕೋಯಿ’. ಅದನ್ನು ಹಾಡಿದ ನಾಝಿಯಾ ಹಸನ್ 1965ರಲ್ಲಿ ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಬೆಳೆದ ಬಾಲಕಿ. ಆಕೆಗೆ ಆಗ ಹದಿನೈದು ವರ್ಷ. ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿನಿಯರ ಪ್ರಾಯ. 1981ರಲ್ಲಿ ಆಕೆಗೆ ಅತ್ಯುತ್ತಮ ಗಾಯಕಿಯೆಂದು ಫಿಲ್ಮ್‌ಫೇರ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ತಮ್ಮ ಝೊಹೇಬನೊಡನೆ ‘ಡಿಸ್ಕೊ ದೀವಾನೆ’ ಬಂದಿತು. ಮುಂದೆ ಕಾನೂನು ವ್ಯಾಸಂಗ ಮಾಡಿದ ಆಕೆ ಶ್ವಾಸಕೋಶದ ಅರ್ಬುದದಿಂದ 2000ನೆಯ ಇಸವಿಯ ಆಗಸ್ಟ್ 13ರಂದು ಲಂಡನ್ನಿನಲ್ಲಿ ನಿಧನ ಹೊಂದಿದರು. ಆಗ ವಯಸ್ಸು ಮೂವತ್ತೈದು.

ಈ ಮೂಲಗೀತಗಳ ಗುಣವೇನು? ‘ಆಪ್ ಜೈಸಾ ಕೋಯಿ’ಯನ್ನು ಮನಸ್ಸಿಟ್ಟು ಕೇಳಿದರೆ ಅದರಲ್ಲಿ ತುಂಬಿರುವುದಕ್ಕಿಂತ ಬಿಟ್ಟಿರುವುದೇ ಹೆಚ್ಚೆಂದು ತೋರುತ್ತದೆ. ಬೇಸ್ ಗಿಟಾರಿನ ನಡೆಗೂ ಡ್ರಮ್ಮಿಗೂ ನಡುವೆ ಬೇಕಾದಷ್ಟು ಬರಿಯ ಜಾಗವಿದೆ. ಆ ಜಾಗದಲ್ಲಿ ಕೊರಳು ತನ್ನ ಮಾರ್ದನಿಯೊಡನೆ ಒಂದಕ್ಕೆರಡಾಗಿ ನಿಲ್ಲುತ್ತದೆ. ಅದು ಪಳಗಿದ ಕೊರಳಲ್ಲ. ತುಸು ಮೂಗಿನ ಛಾಯೆಯಿದೆ, ಗಮಕದ ವೈಭವವಿಲ್ಲ. ಆದರೆ ಸಂಕೋಚವೂ ಧೈರ್ಯವೂ ಒಂದೇ ಉಸಿರಿನಲ್ಲಿ ಬರುವ ಆ ವಯಸ್ಸಿನ ಸತ್ಯ ಅದರಲ್ಲಿದೆ. ಪ್ರೌಢ ಗಾಯಕಿಯೊಬ್ಬರು ಇದಕ್ಕಿಂತ ಚೆನ್ನಾಗಿ ಹಾಡಬಹುದಾಗಿತ್ತು. ಆದರೆ ಆಗ ಅದು ಬೇರೆ ಹಾಡಾಗುತ್ತಿತ್ತು.

ಇನ್ನು ಮರುಸೃಷ್ಟಿಗಳ ಮಾತು. 2012ರಲ್ಲಿ ವಿಶಾಲ್ ಶೇಖರ್ ಜೋಡಿ ‘ಡಿಸ್ಕೊ ದೀವಾನೆ’ಯ ಪಲ್ಲವಿಯನ್ನು ನಾಝಿಯಾರ ಕೊರಳಿನಲ್ಲಿಯೇ ಉಳಿಸಿಕೊಂಡು, ಸುತ್ತಲೂ ಹೊಸ ಚರಣಗಳನ್ನು ಕಟ್ಟಿತು, ಗಾಯಕರ ಸಾಲಿನಲ್ಲಿ ಆಕೆಯ ಹೆಸರನ್ನೂ ಸೇರಿಸಿತು. ಇದು ಔಚಿತ್ಯವರಿತ ಕೆಲಸ. ದೋಷವಿಲ್ಲವೆಂದಲ್ಲ. ಹೊಸ ತಾಳದ ಅಬ್ಬರದಲ್ಲಿ ಹಳೆಯ ಕೊರಳು ಹಾಡಿನ ಜೀವವಾಗದೆ ಆಭರಣವಾಗಿಬಿಟ್ಟಿದೆ. ಮೂಲದ ಸಾವಧಾನವೂ ಉಳಿದಿಲ್ಲ. ಚಿತ್ರಿಕೆಯಲ್ಲಿ ಕಣ್ಣು ಒಂದು ಮುಖದಲ್ಲಿ ನೆಲಸುವ ಮೊದಲೇ ಇನ್ನೊಂದು ಮುಖ ಬರುತ್ತದೆ. ಹೀಗಿದ್ದರೂ, ಆ ಕೊರಳು ಅಲ್ಲಿರುವುದರಿಂದಲೇ ನನ್ನಂತಹವನಿಗೆ ಮೂಲವನ್ನು ಹುಡುಕಿ ಹೋಗಲು ದಾರಿಯಾಯಿತು.

2022ರ ‘ಆ್ಯನ್ ಆ್ಯಕ್ಷನ್ ಹೀರೊ’ ಚಿತ್ರದಲ್ಲಿ ‘ಆಪ್ ಜೈಸಾ ಕೋಯಿ’ ಮತ್ತೆ ಬಂದಿತು. ಇಲ್ಲಿ ತನಿಷ್ಕ್ ಬಾಗ್ಚಿ ಹಳೆಯ ಧಾಟಿಯನ್ನು ಉಳಿಸಿಕೊಂಡು ಕೊರಳನ್ನು ಬದಲಿಸಿದರು. ಹಾಡಿದವರು ಬಲ್ಲವರೇ. ಆದರೆ ಮೂಲದಲ್ಲಿ ಬಿಟ್ಟಿದ್ದ ಬರಿಯ ಜಾಗವನ್ನೆಲ್ಲ ಹೊಸ ತಾಳವು ತುಂಬಿಬಿಟ್ಟಿದೆ. ಮನೆಯ ಅಂಗಳಕ್ಕೆಲ್ಲ ಮಾಡು ಹಾಕಿದರೆ ಮನೆ ದೊಡ್ಡದಾಗುತ್ತದೆ, ಬೆಳಕು ಮಾತ್ರ ಬಾರದು. ತೆರೆಯ ಮೇಲಿನ ನೃತ್ಯ ಕಣ್ಣಿಗೆ ಹಬ್ಬವಾಗಬಹುದು; ಆದರೆ ಹದಿನೈದರ ಬಾಲೆಯ ಆ ಅಳುಕು ಎಲ್ಲಿ ಹೋಯಿತೆಂದು ಕಿವಿ ಹುಡುಕುತ್ತದೆ.

ಚಿತ್ರಿಕೆಗಳ ವಿಷಯದಲ್ಲಿ ಬೇರೊಂದು ಮಾರ್ಗವೂ ಇದೆ. ನಾರ್ವೆ ದೇಶದ ಆ-ಹಾ ತಂಡದ ‘ಟೇಕ್ ಆನ್ ಮಿ’ ಎಂಬ ಸಿಂಥ್‌ಪಾಪ್ ಹಾಡು 1984ರಲ್ಲಿ ಮೊದಲು ಬಂದಾಗ ಹೆಚ್ಚು ಮಂದಿ ಕಿವಿಗೊಡಲಿಲ್ಲ. 1985ರಲ್ಲಿ ಅದನ್ನು ಹೊಸದಾಗಿ ಧ್ವನಿಮುದ್ರಿಸಿ, ಸ್ಟೀವ್ ಬ್ಯಾರನ್ ನಿರ್ದೇಶಿಸಿದ ಚಿತ್ರಿಕೆಯೊಡನೆ ಹೊರತಂದಾಗ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಗರ್ ನಟರ ಚಲನೆಯ ಮೇಲೆ ಸೀಸದ ಕಡ್ಡಿಯಿಂದ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ಬರೆದರು. 2019ರಲ್ಲಿ ಆ ಚಿತ್ರಿಕೆಯನ್ನು ಇಂದಿನ ತಂತ್ರದಿಂದ ಸ್ವಚ್ಛಗೊಳಿಸಿದರು. ಒಂದು ಗೆರೆಯನ್ನೂ ಹೊಸದಾಗಿ ಸೇರಿಸಿ ಮೆರೆಯಲಿಲ್ಲ. 2015ರಲ್ಲಿ ಕೈಗೊ ಎಂಬವರು ಅದೇ ಹಾಡಿಗೆ ರೀಮಿಕ್ಸ್ ಮಾಡಿದರು. 2017ರಲ್ಲಿ ತಂಡದವರೇ ಯಂತ್ರಗಳನ್ನು ಬದಿಗಿಟ್ಟು ಅದನ್ನು ನಿಧಾನಗತಿಯಲ್ಲಿ ಹಾಡಿದರು. ವೇಗದಲ್ಲಿ ಹುರುಪಾಗಿ ಕೇಳಿದ್ದು ವಿಳಂಬದಲ್ಲಿ ವಿಷಾದವಾಗಿ ಕೇಳಿಸಿತು. ಮೂಲದಲ್ಲಿ ಅಡಗಿದ್ದುದನ್ನು ಹೊರಗೆ ತೋರಿಸುವುದೇ ಮರುಸೃಷ್ಟಿಯ ಪರಮ ಸಾರ್ಥಕತೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ಕನ್ನಡಿಗರಾದ ನಮಗೆ ಈ ವಿವೇಕ ಹೊರಗಿನಿಂದ ಬರಬೇಕಾದುದಲ್ಲ. ನಮ್ಮ ಸಾಹಿತ್ಯದ ಶಿಖರಗಳೇ ಮರುಸೃಷ್ಟಿಗಳು. ಪಂಪನು ಭಾರತವನ್ನು ತನ್ನ ಅರಸನಿಗೆ ಹೊಂದಿಸಿ ಹೊಸದಾಗಿ ಕಟ್ಟಿದನು. ಆದರೆ ಕಾವ್ಯದ ಬಾಗಿಲಲ್ಲಿಯೇ ವ್ಯಾಸರನ್ನು ನೆನೆದನು. ಗದುಗಿನ ನಾರಣಪ್ಪನಂತೂ ಕುಮಾರವ್ಯಾಸನೆಂದು ಮೂಲಕವಿಯ ಮಗನಾಗಿಯೇ ಹೆಸರಿಟ್ಟುಕೊಂಡನು. ನಮ್ಮ ಕುಂಬಳೆಯ ಪಾರ್ತಿಸುಬ್ಬನ ಹೆಸರಿನ ರಾಮಾಯಣ ಪ್ರಸಂಗಗಳೂ ಹಳೆಯ ಕಥೆಯ ಹೊಸ ಕುಣಿತವೇ. ಹೊಸತನ್ನು ಸೇರಿಸುವುದರಲ್ಲಿ ಇವರಾರೂ ಅಂಜಲಿಲ್ಲ. ತಂದೆಯ ಹೆಸರನ್ನು ಹೇಳುವುದರಲ್ಲಿಯೂ ನಾಚಲಿಲ್ಲ. ರೀಮಿಕ್ಸನ್ನು ಅಳೆಯಲು ಈ ಎರಡೇ ಕೋಲುಗಳು ಸಾಕೆಂದು ತೋರುತ್ತದೆ: ಮೂಲದಲ್ಲಿ ಕಾಣದಿದ್ದುದನ್ನು ಅದು ಕಾಣಿಸಿತೇ? ಮೂಲದವರ ಹೆಸರನ್ನು ಉಳಿಸಿತೇ?

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಕಲಿಸುವ ನಮಗೆ ಎರಡನೆಯ ಪ್ರಶ್ನೆ ಬರಿಯ ಶಿಷ್ಟಾಚಾರದ್ದಲ್ಲ. ಊರಿನ ಹೆಸರು, ಮನೆಯ ಹೆಸರು, ಹಾಡಿದವರ ಹೆಸರು ಒಂದೊಂದಾಗಿ ಬಾಯಿಂದ ಜಾರಿದರೆ ಕೊನೆಗೆ ಏನುಳಿಯುತ್ತದೆಂಬುದನ್ನು ನಾವು ಬಲ್ಲೆವು. ತಮ್ಮ ಹೆಸರು ಉಳಿಯಬೇಕೆನ್ನುವವರು ಪರರ ಹೆಸರನ್ನು ಮರೆಯಬಾರದು.

ಆ ದಿನ ನಾನು ಮಕ್ಕಳಿಗೆ ಹಾಡನ್ನು ಬೇಡವೆನ್ನಲಿಲ್ಲ. ಎರಡು ದಿನ ಬಿಟ್ಟು, ತಿಳಿದುಕೊಂಡದ್ದನ್ನೆಲ್ಲ ಕರಿಹಲಗೆಯ ಮೇಲೆ ಬರೆದೆ. ಹಳೆಯದನ್ನೂ ಹೊಸತನ್ನೂ ಒಂದಾದ ಮೇಲೊಂದು ಕೇಳಿಸಿದೆ. ಕೆಲವರಿಗೆ ಹೊಸತೇ ಹಿಡಿಸಿತು, ಅದೂ ಸರಿಯೇ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅವರು ಹಾಡಿದಾಗ ನಮ್ಮ ಅಕ್ಕನಷ್ಟೇ ಇದ್ದರಾ, ಮಾಸ್ಟ್ರೇ?” ಎಂದು ಕೇಳಿದಳು. ಹೌದೆಂದೆ. ವಾರ್ಷಿಕೋತ್ಸವದ ರಾತ್ರಿ ಅವಳೇ ಧ್ವನಿವರ್ಧಕದ ಮುಂದೆ ನಿಂತು, ನೃತ್ಯಕ್ಕೆ ಮೊದಲು ನಾಝಿಯಾ ಹಸನ್ ಮತ್ತು ಬೆಂಗಳೂರಿನ ಬಿಡ್ಡು ಇವರ ಹೆಸರುಗಳನ್ನು ತಪ್ಪಿಲ್ಲದೆ ಓದಿದಳು. ಅನಂತರ ಹಾಡು ಪ್ರಾರಂಭವಾಯಿತು. ಅಧ್ಯಾಪಕ ಬಂಧುಗಳೂ ತಮ್ಮ ತಮ್ಮ ಶಾಲೆಗಳಲ್ಲಿ ಈ ಕ್ರಮವನ್ನು ಅನುಸರಿಸಿ ನೋಡಬೇಕೆಂದು ನನ್ನ ವಿನಂತಿ. ಅದಕ್ಕೆ ಬೇಕಾದುದು ಅರ್ಧ ನಿಮಿಷ ಮಾತ್ರ.