ಏರುವವರು ಮುಚ್ಚುವ ಬಾಗಿಲು

ಎಂ.ಎನ್. ಶ್ರೀನಿವಾಸರ 'ಸಂಸ್ಕೃತೀಕರಣ' ನಮ್ಮ ಪಠ್ಯಪುಸ್ತಕಗಳಲ್ಲಿ ಎಷ್ಟು ಸವೆದಿದೆಯೆಂದರೆ, ಅದೊಂದು ವಾದ ಎಂಬುದೇ ಮರೆತುಹೋಗಿದೆ. ಕೊಡವರ ಬಗ್ಗೆ ಅವರು ಬರೆದು 1952ರಲ್ಲಿ ಪ್ರಕಟವಾದ ಪುಸ್ತಕದ ಮಾತು ಇಷ್ಟು: ಕೆಳಗಿನ ಜಾತಿಯೊಂದು ಮಾಂಸ, ಮದ್ಯ ಬಿಟ್ಟು, ಮೇಲಿನವರ ಆಚಾರಗಳನ್ನು ರೂಢಿಸಿಕೊಂಡು ಒಂದೆರಡು ತಲೆಮಾರಿನಲ್ಲಿ ಮೇಲೇರಬಹುದು. ಜಾತಿಯೆಂಬುದು ಅಲ್ಲಾಡದ ಕಲ್ಲಲ್ಲ ಎಂದು ತೋರಿಸಿದ್ದು ಆ ಕಾಲಕ್ಕೆ ಸಣ್ಣ ಕೆಲಸವೇನಲ್ಲ.

ಆದರೆ ಅನುಕರಣೆಯ ಎಳೆ ಹಿಡಿದು ಜಾತಿಯನ್ನು ವಿವರಿಸುವ ಕೆಲಸ ಅದಕ್ಕೂ 36 ವರ್ಷ ಮೊದಲೇ ನಡೆದಿತ್ತು. 1916ರ ಮೇ ತಿಂಗಳಲ್ಲಿ, 25ರ ಹರೆಯದ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರೊಂದರಲ್ಲಿ 'ಕಾಸ್ಟ್ಸ್ ಇನ್ ಇಂಡಿಯಾ' ಪ್ರಬಂಧ ಓದಿದರು. ಅನುಕರಣೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ದೂರ ಹೆಚ್ಚಿದಷ್ಟೂ ತೆಳುವಾಗುತ್ತದೆ ಎಂಬ ಫ್ರೆಂಚ್ ಚಿಂತಕ ಗೇಬ್ರಿಯಲ್ ತಾರ್ದನ ಸೂತ್ರವನ್ನು ಅವರು ಅಲ್ಲಿ ಬಳಸಿದರು. ಪುರೋಹಿತವರ್ಗ ಒಳವಿವಾಹದಿಂದ ತನ್ನ ಸುತ್ತ ತಾನೇ ಬೇಲಿ ಹಾಕಿಕೊಂಡಿತು. ಆ ಬೇಲಿ ಉಳಿಯಲು ಸತಿ, ವಿಧವೆಯರ ಮರುಮದುವೆಗೆ ತಡೆ, ಬಾಲ್ಯವಿವಾಹ ಬೇಕಾದವು. ಹತ್ತಿರದ ಜಾತಿಗಳು ಮೂರನ್ನೂ ನಕಲು ಮಾಡಿದವು, ದೂರದವು ಅಷ್ಟಿಷ್ಟು.

ಇಬ್ಬರ ಕೈಯಲ್ಲಿರುವ ಹತಾರ ಒಂದೇ. ಶ್ರೀನಿವಾಸರು ಏರಿದವರನ್ನು ನೋಡುತ್ತಾರೆ; ಅಂಬೇಡ್ಕರ್ ನಕಲಾದದ್ದೇನು ಎಂದು ಕೇಳುತ್ತಾರೆ. ನಕಲಾದದ್ದು ಬಾಗಿಲು ಮುಚ್ಚುವ ಕ್ರಮ. ಹಾಗಿದ್ದರೆ ಏರಿದ ಜಾತಿಯ ಲಾಭದ ಲೆಕ್ಕದಲ್ಲಿ ಮರುಮದುವೆಯ ಹಕ್ಕು ಕಳೆದುಕೊಂಡ ಆ ಮನೆಯ ಹೆಂಗಸನ್ನು ಎಲ್ಲಿ ಬರೆದುಕೊಳ್ಳಬೇಕು? ಸಂಸ್ಕೃತೀಕರಣ ಹೆಣ್ಣುಮಕ್ಕಳ ಪಾಲಿಗೆ ಕಠೋರ ಎಂದು ಶ್ರೀನಿವಾಸರೂ ಗುರುತಿಸಿದ್ದರು, ನಿಜ. ಆದರೆ ಅವರಲ್ಲಿ ಅದು ಒಂದು ಪರಿಣಾಮ ಮಾತ್ರ. ಅಂಬೇಡ್ಕರರಲ್ಲಿ ಇಡೀ ಯಂತ್ರ ತಿರುಗುವುದೇ ಅದರ ಮೇಲೆ.

ನಿಂತ ಜಾಗವೂ ಇಲ್ಲಿ ಮುಖ್ಯ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ (ಪುಸ್ತಕದಲ್ಲಿ ಅದರ ಹೆಸರು ರಾಂಪುರ) ಶ್ರೀನಿವಾಸರು ಪಟೇಲರ ಆಶ್ರಯದಲ್ಲಿದ್ದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದ ಮೇಲೆ, ನೆನಪಿನಿಂದಲೇ 'ದಿ ರಿಮೆಂಬರ್ಡ್ ವಿಲೇಜ್' ಬರೆದರು. ಕಾದಂಬರಿಯಂತೆ ಓದಿಸಿಕೊಳ್ಳುವ ಪುಸ್ತಕ. ನನಗಂತೂ ಅವರ ಸಿದ್ಧಾಂತಗಳಿಗಿಂತ ಅದೇ ಇಷ್ಟ. ತಾನು ಕಂಡದ್ದು ಮೇಲ್ಜಾತಿಯವರ ಕಣ್ಣಿನ ಹಳ್ಳಿ ಎಂದು ಅದರಲ್ಲಿ ಅವರೇ ಒಪ್ಪಿಕೊಳ್ಳುತ್ತಾರೆ. ಜಗುಲಿಯ ಮೇಲೆ ಕೂತವರಿಗೆ ಮೆಟ್ಟಿಲು ಹತ್ತಿ ಬರುವವರೇ ಮೊದಲು ಕಾಣುವುದು.

ಅನುಕರಣೆಯ ಸೂತ್ರ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಅಂಬೇಡ್ಕರರ ಬದುಕೇ ಉದಾಹರಣೆ. 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ನೆರೆದ ಜನಕ್ಕೆ ಅವರು, ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದರು. ಹೊರಗಿನಿಂದ ನೋಡಿದರೆ ಇದು ಅಪ್ಪಟ ಸಂಸ್ಕೃತೀಕರಣ. ಆಹಾರ ಬಿಡುವುದನ್ನಷ್ಟೇ ಎಣಿಸುವ ಸಿದ್ಧಾಂತಕ್ಕೆ ವ್ಯತ್ಯಾಸ ಕಾಣುವುದೇ ಇಲ್ಲ. ಅದೇ ವರ್ಷ ಡಿಸೆಂಬರ್ 25ರಂದು, ಅದೇ ಮಹಾಡ್‌ನಲ್ಲಿ, ಅವರು ಮನುಸ್ಮೃತಿಯನ್ನು ಸುಟ್ಟರು.